ಗೋಡೆಯಾಚೆ ಕೇಳಿಸಿದ ಪ್ರಸಂಗ

ಚಾಳಿನ ನಲ್ಲಿಯ ಸಾಲಿನಲ್ಲಿ ಪಕ್ಕದ ಖೋಲಿಯ ಹುಸೇನಬಿ ತಮ್ಮ ಕೊಡವನ್ನು ನನ್ನ ಬಕೆಟ್ಟಿನ ಮುಂದೆ ತಂದಿಟ್ಟರು. ಅಂದು ಭಾನುವಾರ. ಸಯನ್ನಿನ ಚರ್ಚಿನಲ್ಲಿ, ಕನ್ನಡ ಆರಾಧನೆಯಲ್ಲಿ, ಪ್ರಸಂಗ ಮಾಡುವ ಸರದಿ ನನ್ನದು, ಸ್ನಾನವೇ ಆಗಿರಲಿಲ್ಲ.

"ಏನ್ ಬಾಯೀ, ಲೈನ್ ಕಾಣಿಸೋದಿಲ್ವಾ?" ಎಂದು ರೇಗಿದೆ.

ವಿಜಾಪುರದ ಆ ಹೆಂಗಸು ತಣ್ಣಗೆ ಹೇಳಿದರು: "ಬ್ಯಾರೇದವರ ಮುಂದ ಇಟ್ಟರ ಜಗಳಾ ತಗೀತಾರ್ರೀ ಮಾಸ್ತರ. ಇನ್ನೊಬ್ಬರನ್ನ ಮುಂದ ಬಿಡ್ರಿ ಅಂತ ನಿನ್ನಿ ನೀವು ಜೋರಾಗಿ ಓದಿದ್ದು ಗ್ವಾಡಿ ಆಚೆ ನನಗ ಕೇಳಿಸ್ತು. ಅದಕ್ಕ ನಿಮ್ಮ ಮುಂದನ ಇಟ್ಟೆ."

ಅವರ ಕೊಡ ತುಂಬಿತು, ನೀರು ನಿಂತಿತು. ಸ್ನಾನವಿಲ್ಲದೆ ಹೋಗಿ, ತಡವರಿಸುತ್ತ ಅದೇ ಪ್ರಸಂಗ ಮಾಡಿಬಂದೆ.

ಅವರು ನನ್ನನ್ನು ನಂಬಿದರೋ ಹಂಗಿಸಿದರೋ, ಇಂದಿಗೂ ಗೊತ್ತಾಗಿಲ್ಲ. ಈಗೆಲ್ಲ ಶನಿವಾರ ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆ.