ಯಾವ ಪುಸ್ತಕದಲ್ಲೂ ಇಲ್ಲದ ಇಬ್ಬರು

ಹುಲಿಗೆವ್ವನ ಬಾಯಿಂದ ಹೊಗಳಿಕೆ ಕೇಳಿದವರು ಕುರುಗೋಡಿನಲ್ಲಿ ಯಾರೂ ಇರಲಿಲ್ಲ. ಊರಿನ ಅರ್ಧ ಜನರನ್ನು ಭೂಮಿಗೆ ತಂದ ಸೂಲಗಿತ್ತಿ ಆಕೆ. ತಂದು ತಪ್ಪು ಮಾಡಿದೆ ಎನ್ನುವವಳ ಹಾಗೆ ಮಾತಾಡುತ್ತಿದ್ದಳು. ಮೀಸೆ ತಿರುವಿಕೊಂಡು ಹೊರಟ ಗೌಡರನ್ನು ಕಟ್ಟೆಯ ಮೇಲೆ ಕೂತೇ ನಿಲ್ಲಿಸಿ, "ಗೌಡ್ರ, ನೀವು ಹುಟ್ಟಿದಾಗ ನಿಮಗ ಅಳಾಕೂ ಬರ್ತಿರಲಿಲ್ಲ. ಕುಂಡಿ ಮ್ಯಾಲ ನಾ ಎರಡು ಬಾರಿಸಿದ ಮ್ಯಾಲ ದನಿ ಬಂತು. ಈಗ ನೋಡ್ರಿ, ಊರಾಗೆಲ್ಲ ನಿಮ್ದ ದನಿ" ಎನ್ನುವಳು. ಗೌಡರು ನಕ್ಕಂತೆ ಮಾಡಿ ಬೇಗ ಬೇಗ ನಡೆಯುವರು.

ನಾನೂ ಆಕೆಯ ಕೈಯಲ್ಲೇ ಹುಟ್ಟಿದವನು. ಕುರುಗೋಡು ನನ್ನವ್ವನ ತವರು. ನನಗಿಂತ ಮೊದಲು ಅವ್ವನಿಗೆ ಎರಡು ಕೂಸು ಸತ್ತೇ ಹುಟ್ಟಿದ್ದವು. ಅದಕ್ಕೇ ನನ್ನನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ ಎಂದು ಕರೆದರು. ಇಂಥ ಹೆಸರಿನವನನ್ನು ಮುಟ್ಟಲು ಯಮನಿಗೂ ಹೇಸಿಗೆಯಾಗುತ್ತದೆ ಎಂಬ ನಂಬಿಕೆ. ಯಮ ಬಿಟ್ಟ, ನಿಜ. ಹುಲಿಗೆವ್ವ ಬಿಡಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾದಾಗ, "ತಿಪ್ಪಿಯಿಂದ ಎದ್ದು ತೌಡಿನಾಗ ಬಿದ್ದಿ. ಛಲೋ ಆತು ಬಿಡು" ಎಂದು ಹರಸಿದಳು.

ಎಪ್ಪತ್ತರ ದಶಕದ ಕೊನೆಗೆ ಅವ್ವನಿಗೆ ಎದೆನೋವು ಶುರುವಾಯಿತು. ಒಂದು ದಿನ ಅಕ್ಕಿ ಆರಿಸುತ್ತಾ ಕೂತವಳು ತಲೆ ಎತ್ತದೆಯೇ ಅಂದಳು: "ಆ ಎರಡನ್ನ ಎಲ್ಲಿ ಇಟ್ರೋ ಗೊತ್ತಿಲ್ಲಪಾ. ಹೆಣ್ಣೋ ಗಂಡೋ, ಅದನ್ನೂ ಯಾರೂ ಹೇಳ್ಲಿಲ್ಲ. ನಾ ಹೋಗೂದ್ರಾಗ ತಿಳದ್ರ ಸಾಕು." ಅಪ್ಪ ಆಗಲೇ ತೀರಿಕೊಂಡಿದ್ದ. ಇದ್ದಾಗಲೂ ಅವನದು ಒಂದೇ ಉತ್ತರ: "ಅದನ್ನೆಲ್ಲ ಯಾಕ ಕೆದಕ್ತಿ?"

ಓದು ಬಲ್ಲವನಲ್ಲವೇ ನಾನು, ಮೊದಲು ದಾಖಲೆ ಹುಡುಕಿದೆ. ಹಳೆಯ ಪುಸ್ತಕಗಳೆಲ್ಲ ಬಳ್ಳಾರಿಗೆ ಹೋಗಿವೆ ಎಂದರು. ಅಲ್ಲಿನ ಕಚೇರಿಯೊಂದರಲ್ಲಿ ಕಾರಕೂನ ನನ್ನ ಮಾತು ಪೂರ್ತಿ ಕೇಳಿಸಿಕೊಂಡು, "ಹುಟ್ಟಿದ್ದು ಬರಿಯಾಕ ಒಂದು ಪುಸ್ತಕ ಐತ್ರಿ, ಸತ್ತದ್ದು ಬರಿಯಾಕ ಒಂದು. ನಿಮ್ಮವು ಹುಟ್ಟಿದ ಲೆಕ್ಕಕ್ಕೂ ಇಲ್ಲ, ಸತ್ತ ಲೆಕ್ಕಕ್ಕೂ ಇಲ್ಲ. ಯಾವುದ್ರಾಗ ಹುಡುಕ್ಲಿ?" ಎಂದ. ಎಷ್ಟು ಅಚ್ಚುಕಟ್ಟಾದ ಮಾತು! ಬರಿಗೈಲಿ ಕಳಿಸಬಾರದೆಂದೋ ಏನೋ, ನಾನು ಹುಟ್ಟಿದ ಸಾಲನ್ನು ಹುಡುಕಿ ತೋರಿಸಿದ. ಎಷ್ಟನೆಯ ಹೆರಿಗೆ ಎಂಬಲ್ಲಿ, ಆಗ ಊರ ಲೆಕ್ಕ ಬರೆಯುತ್ತಿದ್ದ ಕರಣಂ ದುಂಡಗಿನ ಅಕ್ಷರದಲ್ಲಿ 'ಮೊದಲನೆಯದು' ಎಂದು ಬರೆದಿದ್ದ.

ಕುರುಗೋಡಿಗೆ ಹೋಗಿ ಇದನ್ನು ಹುಲಿಗೆವ್ವನಿಗೆ ಹೇಳಿದೆ.

"ಕರಣಂ ಬರದಾನಾ? ಹಂಗಾರ ಖರೇನ ಇರಬೇಕು! ಬ್ಯಾನಿ ತಿಂದಾವ ಅವನ ಅಲ್ಲೇನು?" ಎಂದಳು.

"ನೀನರ ಹೇಳಜ್ಜಿ. ಎಲ್ಲಿ ಇಟ್ರು?"

ಆಕೆ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಕೇಳಬೇಕಾದಾಕಿ ನಿಮ್ಮವ್ವ. ಆಕಿನ್ನ ಕರಕೊಂಡ ಬಾ. ಚೀಟಿ ಮ್ಯಾಲ ಬರಕೊಂಡ ಹೋಗಾಕ ಇದೇನು ಗಿರಣಿ ಮೂಟಿಯೇನಲೇ?"

ಅವ್ವನನ್ನು ಬಸ್ಸಿನಲ್ಲಿ ಕರೆತಂದೆ. "ಬಾರವ್ವಾ ಗಂಗವ್ವಾ, ತವರಿಗೆ ಬರಾಕ ಈಗ ಪುರುಸೊತ್ತು ಸಿಕ್ತಾ?" ಎನ್ನುತ್ತಲೇ ಹುಲಿಗೆವ್ವ ಅವಳ ಕೈ ಹಿಡಿದು ನನ್ನ ಸೋದರಮಾವನ ಮನೆಯ ಹಿತ್ತಲಿಗೆ ನಡೆಸಿದಳು. ಹಳೆಯ ಬಚ್ಚಲಿನ ಗೋಡೆ ಬಿದ್ದು ಕಲ್ಲೊಂದೇ ಉಳಿದಿತ್ತು. ಹಿಂದೆ ಅದರ ನೀರು ಹರಿದುಹೋಗುತ್ತಿದ್ದ ಕಡೆ ಆಕೆ ಕೋಲು ಊರಿ ನಿಂತಳು.

"ಇಲ್ಲೇ. ಮೊದಲನೇದು ಹೆಣ್ಣು, ಎರಡನೇದು ಗಂಡು. ತಂಪ ಜಾಗದಾಗ ಇಟ್ರ ಹೆತ್ತಾಕಿ ಒಡಲು ತಂಪಿರತೈತಿ ಅಂತಾರ. ಗಂಡಸರು ಅಂಗಳದಾಗ ಕುಂತು ಬೀಡಿ ಸೇದಾಕ ಹತ್ತಿದ್ರು, ಪಾಪ, ಬಾಳ ಕೆಲಸ ಅವರಿಗೆ. ನಾನ ತೋಡಿದೆ, ನಾನ ಇಟ್ಟೆ." ಕೋಲಿನ ತುದಿಯಿಂದ ಬಚ್ಚಲ ಕಲ್ಲು ತಟ್ಟಿ ಮುಂದುವರಿಸಿದಳು. "ಬಾಣಂತನದಾಗ ನಿನಗ ದಿನಾ ಎರದ ನೀರೆಲ್ಲ ಇವರ ಮ್ಯಾಲ ಹರದೈತಿ. ಈ ತಿಪ್ಪನ್ನ ಕಾಲ ಮ್ಯಾಲ ಹಾಕ್ಕೊಂಡು ಎರದ ನೀರೂ. ನೀ ಅವರನ್ನ ಮುಟ್ಟಿಲ್ಲ ಅಂತ ಯಾರ ಹೇಳಿದ್ರು ನಿನಗ?"

ಅವ್ವ ಆ ಕಲ್ಲಿನ ಮೇಲೆ ಕುಳಿತು ಅಂಗೈಯಿಂದ ಮಣ್ಣು ಸವರಿದಳು. "ಇಷ್ಟ ವರ್ಷ ಹೇಳಾಕ ನಿನಗ ಬಾಯಿ ಇರ್ಲಿಲ್ಲೇನ ಹುಲಿಗೆವ್ವಾ?"

"ಇತ್ತವ್ವಾ. ಅದಕ್ಕ ಬ್ಯಾರೇದೆಲ್ಲ ಮಾತಾಡಿದೆ."

ನಾನು ಹುಲಿಗೆವ್ವನನ್ನು ಕಂಡದ್ದು ಅದೇ ಕೊನೆ. ಮರುವರ್ಷ ಜೋಳ ಕೊಯ್ಯುವ ಹೊತ್ತಿಗೆ ಆಕೆ ಹೋದ ಸುದ್ದಿ ಬಂತು. ಮಣ್ಣಿಗೆ ಊರೆಲ್ಲ ಸೇರಿತ್ತಂತೆ. ಬೈಸಿಕೊಂಡವರು ಒಬ್ಬರೂ ತಪ್ಪಿಸಿಕೊಂಡಿರಲಿಲ್ಲವಂತೆ. ಆಕೆಗಿಂತ ಎರಡು ವರ್ಷ ಹೆಚ್ಚು ಬದುಕಿದ ನನ್ನವ್ವ ಸುದ್ದಿ ಬಂದ ಸಂಜೆ ಉಣ್ಣಲಿಲ್ಲ. ಯಾಕೆಂದು ಕೇಳಿದರೆ ಗೋಡೆ ನೋಡುತ್ತಾ ಅಂದಳು:

"ಆ ಇಬ್ಬರ ಮಾರಿ ನೋಡಿದಾಕಿ ಆಕಿ ಒಬ್ಬಾಕಿನ ಇದ್ಲಪಾ."