ಅಂಗಡಿ ಕಟ್ಟೆಯ ಮೇಲಿನ ಅಡುಗೆ

ನಾನು ಮದುವೆಯಾಗಿ ರಾಮದುರ್ಗದಿಂದ ಬೈಲಹೊಂಗಲಕ್ಕೆ ಬಂದಾಗ ನಮ್ಮ ಮಾವನವರ ಭಾಂಡೆ ಅಂಗಡಿಯಲ್ಲಿ, ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲೆ, ಪ್ರೆಶರ್ ಕುಕ್ಕರುಗಳು ಸಾಲಾಗಿ ಕೂತಿದ್ದವು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ಆಗಷ್ಟೇ ಬರತೊಡಗಿದ್ದ ಸ್ಟೀಲಿನ ತಾಟು ಎಲ್ಲವೂ ಮಾರಿಹೋಗುತ್ತಿದ್ದವು. ಕುಕ್ಕರನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಮಾವನವರು ಬೆಳಗಾವಿಯ ದೊಡ್ಡ ವ್ಯಾಪಾರಿಯೊಬ್ಬರ ಮಾತು ನಂಬಿ ತಂದಿದ್ದರು. ಈಗ ಅವುಗಳ ಧೂಳು ಒರೆಸುವುದೇ ಒಂದು ಕೆಲಸವಾಗಿತ್ತು.

ಹೆಣ್ಣುಮಕ್ಕಳಿಗೆ ಅದರ ಹೆದರಿಕೆ. ಸವದತ್ತಿಯಲ್ಲಿ ಯಾರದೋ ಮನೆಯಲ್ಲಿ ಮುಚ್ಚಳ ಹಾರಿ ಮಾಳಿಗೆಗೆ ಬಡಿದಿತ್ತಂತೆ ಎಂಬ ಸುದ್ದಿ ನಮ್ಮೂರಿನಲ್ಲಿ ಓಡಾಡುತ್ತಿತ್ತು. ಸವದತ್ತಿಯಿಂದ ಬಂದ ಗಿರಾಕಿಯೊಬ್ಬಳನ್ನು ಕೇಳಿದರೆ, "ಇಲ್ರಿ, ಅದು ಬೈಲಹೊಂಗಲದಾಗ ಆಗಿದ್ದಂತ" ಎಂದಳು.

ನನ್ನ ಗಂಡನಿಗೆ ಪ್ರಚಾರದ ಹುಚ್ಚು. ಒಂದು ಟಾಂಗಾ ಗೊತ್ತು ಮಾಡಿ, ಅದಕ್ಕೆ ಧ್ವನಿವರ್ಧಕ ಕಟ್ಟಿ, ಊರೆಲ್ಲ ತಿರುಗಿ ಕೂಗಿಸಿದರು. ಖರೀದಿಸಿರಿ, ಇಂದೇ ಖರೀದಿಸಿರಿ ಎಂದು ದಿನವಿಡೀ ಕೂಗಿದ್ದಾಯಿತು. ಅದನ್ನು ಕೇಳಿ ಅಂಗಡಿಗೆ ಬಂದದ್ದು ಒಬ್ಬ ಅಜ್ಜ. ಅವನಿಗೆ ಕಂದೀಲಿನ ಗಾಜು ಬೇಕಾಗಿತ್ತು.

ಮುಂದೆ ಆದದ್ದಕ್ಕೆ ಯಾರೂ ಯೋಜನೆ ಹಾಕಿರಲಿಲ್ಲ. ನಮ್ಮ ಅತ್ತೆ ಧೈರ್ಯದ ಹೆಂಗಸು. ಮನೆಯಲ್ಲಿ ಒಂದು ಕುಕ್ಕರನ್ನು ಮೊದಲ ದಿನದಿಂದಲೇ ಬಳಸುತ್ತಿದ್ದರು. ಒಂದು ಸಂತೆಯ ದಿನ ಅಂಗಡಿಯಲ್ಲಿ ಗದ್ದಲವೋ ಗದ್ದಲ. ಗಂಡಸರಿಗೆ ಊಟಕ್ಕೆ ಮನೆಗೆ ಬರಲು ಪುರುಸೊತ್ತಿರಲಿಲ್ಲ. ಅತ್ತೆ ಬುತ್ತಿ ಕಟ್ಟುವುದನ್ನು ಬಿಟ್ಟು ಸ್ಟೋವು, ಕುಕ್ಕರು, ಬೇಳೆಯನ್ನೇ ಹೊರಿಸಿಕೊಂಡು ಬಂದರು. ಅಂಗಡಿಯ ಕಟ್ಟೆಯ ಒಂದು ಮೂಲೆಯಲ್ಲಿ ಸ್ಟೋವಿಗೆ ಪಂಪು ಹೊಡೆದು ಬೇಳೆ ಇಟ್ಟರು. ನಾನು ಪಕ್ಕದಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ.

ಮೊದಲ ಸೀಟಿ ಹೊಡೆದಾಗ, ಕಟ್ಟೆಯ ಅಂಚಿಗೆ ಕೂತಿದ್ದ ಹೆಂಗಸೊಬ್ಬಳು ಬುಟ್ಟಿ ಸಮೇತ ಕೆಳಗೆ ಜಿಗಿದಳು. ಸಂಗೊಳ್ಳಿಯ ಒಕ್ಕಲುತನದ ಮನೆಯವಳು. ಅವಳ ಜೊತೆಯಲ್ಲಿದ್ದವರೂ ದೂರ ಸರಿದರು. ಅತ್ತೆ ನಗುತ್ತ ಕರೆದರು.

"ಬರ್ರಿ, ಬರ್ರಿ. ಅದು ಬಯ್ಯಾಕ ಹತ್ತಿಲ್ಲ, ಬ್ಯಾಳಿ ಕುದ್ದೈತಿ ಅಂತ ಹೇಳಾಕ ಹತ್ತೇತಿ."

ಉಗಿ ಇಳಿದ ಮೇಲೆ ಮುಚ್ಚಳ ತೆಗೆದು ತೋರಿಸಿದರು. ಬೇಳೆ ಬೆಣ್ಣೆಯಂತೆ ಬೆಂದಿತ್ತು. ಸಂಗೊಳ್ಳಿಯವಳು ಹತ್ತಿರ ಬಂದು ಬಗ್ಗಿ ನೋಡಿದಳು, ಬೆರಳಿನಿಂದ ಒಂದಿಷ್ಟು ಹಿಚುಕಿ ನೋಡಿದಳು. ಆಮೇಲೆ ಅವಳು ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ನೆನಪಿದೆ.

"ಎಲ್ಲಾ ಖರೇರಿ. ಹೋಳಗಿ ಮಾಡಿದ್ರ ಕಟ್ಟಿನ ಸಾರಿಗೆ ಕಟ್ಟು ಎಲ್ಲಿಂದ ತರೂದು? ಇದರಾಗ ನೀರ ಇರೂದಿಲ್ಲಲ್ಲ?"

ಕಡಲೆಬೇಳೆ ಬೇಯಿಸಿ ಬಸಿದ ನೀರು ಕಟ್ಟು. ಅದಿಲ್ಲದೆ ನಮ್ಮ ಕಡೆ ಹೋಳಿಗೆಯ ಊಟವೇ ಇಲ್ಲ. ಅತ್ತೆ ಕೈಯಲ್ಲಿದ್ದ ಮುಚ್ಚಳವನ್ನು ಕೆಳಗಿಟ್ಟರು. ಅಷ್ಟರಲ್ಲಿ ಮಾವನವರು ಒಳಗಿನಿಂದ ಕೆಮ್ಮಿ, "ತಂಗೆವ್ವ, ಇದರ ಕಿಮ್ಮತ್ತ..." ಎಂದು ಶುರು ಮಾಡಿದರು. ಅತ್ತೆ ಅವರ ಕಡೆ ನೋಡದೆಯೇ ಕೈ ಎತ್ತಿ ಸುಮ್ಮನಾಗಿಸಿದರು.

"ನನಗ ಗೊತ್ತಿಲ್ಲವ್ವಾ," ಎಂದರು ಅವಳಿಗೆ. "ಮಾಡಿ ನೋಡತೇನಿ. ಮುಂದಿನ ಸಂತಿಗೆ ಬಾ, ಹೇಳತೇನಿ."

ಆ ವಾರ ನಮ್ಮ ಮನೆಯಲ್ಲಿ ದಿನವೂ ಕಡಲೆಬೇಳೆ. ಮೊದಲ ಸಲ ಬೇಳೆ ಗಂಜಿಯಾಯಿತು. ಎರಡನೆಯ ಸಲ ನೀರು ಹೆಚ್ಚು ತುಂಬಿ, ಸೀಟಿಯ ಬಾಯಿಂದ ನೊರೆ ಉಕ್ಕಿ, ಸ್ಟೋವು ಆರಿಹೋಯಿತು. ಪಾತ್ರೆ ಅರ್ಧಕ್ಕಿಂತ ಮೇಲೆ ತುಂಬಬಾರದು, ಒಂದು ಚಮಚ ಎಣ್ಣೆ ಬಿಟ್ಟರೆ ನೊರೆ ತಗ್ಗುತ್ತದೆ, ಒಂದು ಸೀಟಿಗೇ ಇಳಿಸಿದರೆ ಕಾಳು ಹದವಾಗಿರುತ್ತದೆ, ಕಟ್ಟೂ ಸಾಕಷ್ಟು ಬರುತ್ತದೆ ಎಂದು ಗೊತ್ತಾಗುವ ಹೊತ್ತಿಗೆ ಮಾವನವರು ಹೋಳಿಗೆ ಎಂದರೆ ತಾಟು ದೂಡುವಂತಾಗಿದ್ದರು.

ಮುಂದಿನ ಸಂತೆಗೆ ಸಂಗೊಳ್ಳಿಯವಳು ನೆಗೆಣ್ಣಿಯರನ್ನೂ ಕರೆದುಕೊಂಡು ಬಂದಳು. ಕಟ್ಟೆಯ ಮೇಲೆ ಹೆಣ್ಣುಮಕ್ಕಳು ಒತ್ತಾಗಿ ಕೂತರು. ಅತ್ತೆ ಬೇಳೆ ಬೇಯಿಸಿ, ಕಟ್ಟು ಬಸಿದು ತೋರಿಸಿ, ನೊರೆ ಉಕ್ಕಿದ ಕಥೆಯನ್ನೂ ಮುಚ್ಚಿಡದೆ ಹೇಳಿದರು. ಎಲ್ಲರೂ ನಕ್ಕರು. ಯಾರೂ ಏನೂ ಕೊಳ್ಳಲಿಲ್ಲ. ಸಂಜೆ ಮಾವನವರಿಗೆ ಸಿಟ್ಟು.

"ಬ್ಯಾಳಿ ನಮ್ದು, ಚಿಮಣಿ ಎಣ್ಣಿ ನಮ್ದು. ತಿಂದು ಕೈ ಒರಸ್ಕೊಂಡು ಹೋದ್ರು. ಇದೇನ ಅಂಗಡಿನೋ, ಅನ್ನಛತ್ರನೋ?"

ಅತ್ತೆ ಸ್ಟೋವನ್ನು ಒರೆಸುತ್ತಿದ್ದರು. "ಮಾರಾಕ ನಿಂತ್ರ ಅವರು ಹೆದರತಾರ್ರಿ. ಕಲಿಸಾಕ ನಿಂತ್ರ ಕುಂದ್ರತಾರ. ಹೆದರಿಕಿ ಹೋಗೂಮಟಾ ಯಾರೂ ಗಂಟ ಬಿಚ್ಚೂದಿಲ್ಲ. ಸ್ವಲ್ಪ ತಡೀರಿ."

ಮಾವನವರು ತಡೆದರು. ಬೇರೆ ದಾರಿ ಇರಲಿಲ್ಲ; ಆ ಮನೆಯಲ್ಲಿ ಅತ್ತೆ ಒಮ್ಮೆ ಹಿಡಿದದ್ದನ್ನು ಬಿಡುತ್ತಿರಲಿಲ್ಲ. ಸಂತೆಯ ದಿನದ ಅಡುಗೆ ರೂಢಿಯಾಯಿತು. ಒಂದು ವಾರ ಮಡಕಿಕಾಳು, ಒಂದು ವಾರ ಅನ್ನ. ದೀಪಾವಳಿ ಹತ್ತಿರ ಬಂದಾಗ ಸಂಗೊಳ್ಳಿಯವಳು ಗಂಡನನ್ನು ಕರೆತಂದು, ಮೇಲಿನ ಹಲಗೆಯತ್ತ ಬೆರಳು ತೋರಿಸಿ, "ಅದನ್ನ ಇಳಸ್ರಿ" ಎಂದಳು. ನನ್ನ ಗಂಡ ಏಣಿ ಹತ್ತುವಾಗ ಅವಸರಕ್ಕೆ ಎರಡು ತಂಬಿಗೆ ಕೆಡವಿದರು.

ಹೇಳಿದ್ದು ಮರೆತುಹೋಗುತ್ತದೆ, ಬರೆದು ಕೊಡಿರಿ ಎಂದು ಹೆಂಗಸರೇ ಕೇಳತೊಡಗಿದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಮ್ಯಾಟ್ರಿಕ್ ಪಾಸಾದವಳು. ಊರಿನ ಒಂದು ಮುದ್ರಣಾಲಯದಲ್ಲಿ ಚೀಟಿ ಮಾಡಿಸುವುದೆಂದಾಯಿತು. ಗಂಡ ತಾವೇ ಒಂದು ನಮೂನೆ ಬರೆದು ತಂದರು. ಮೇಲೆ ಅಂಗಡಿಯ ಹೆಸರು ದಪ್ಪ ಅಕ್ಷರದಲ್ಲಿ, ಕೆಳಗೆ ಕುಕ್ಕರಿನ ಗುಣಗಾನ, ಕೊನೆಗೆ ಇಂದೇ ಬನ್ನಿರಿ. ಓದಿ ಹೇಳಿದಾಗ ಅತ್ತೆ, "ಇದನ್ನ ಯಾರ ಮನ್ಯಾಗ ಇಟ್ಕೋತಾರಪಾ? ಶೇಂಗಾ ಕಟ್ಟಾಕ ಆಕ್ಕೈತಿ, ಅಷ್ಟ" ಎಂದರು. ಗಂಡ ಮುಖ ಸಣ್ಣಗೆ ಮಾಡಿಕೊಂಡರೂ ನಾನು ಬರೆದದ್ದನ್ನು ಓದಿ ಒಪ್ಪಿದರು. ಅದರಲ್ಲಿ ಬೇಳೆ, ಕಾಳು, ಹೂರಣ, ಕಟ್ಟು, ರಬ್ಬರಿನ ಉಂಗುರ ತೊಳೆಯುವ ಬಗೆ, ಉಗಿ ಇಳಿಯುವ ಮುಂಚೆ ಮುಚ್ಚಳ ಎಳೆಯಬಾರದೆಂಬ ಎಚ್ಚರಿಕೆ ಇದ್ದವು. ಅಂಗಡಿಯ ಹೆಸರು ಕೆಳಗೆ ಒಂದೇ ಸಾಲು. ಕುಕ್ಕರ್ ಇದ್ದವರಿಗೂ ಇಲ್ಲದವರಿಗೂ ಚೀಟಿ ಕೊಟ್ಟೆವು.

ಎರಡನೆಯ ಸಲ ಮುದ್ರಿಸುವ ಮೊದಲು ಒಬ್ಬರು ಬಂದರು. ಸರಕಾರಿ ಆಸ್ಪತ್ರೆಯ ನರ್ಸಬಾಯಿ. ಊರಿನ ಎಷ್ಟೋ ಮಕ್ಕಳು ಅವರ ಕೈಯಲ್ಲೇ ಹುಟ್ಟಿದ್ದವು. ಬೌದ್ಧ ಧರ್ಮಕ್ಕೆ ಸೇರಿದ ಮನೆತನ ಅವರದು. ಗಂಡ ಅಂಚೆ ಕಚೇರಿಯಲ್ಲಿದ್ದರು. ಚೀಟಿಯನ್ನು ನಿಂತಲ್ಲೇ ಪೂರ್ತಿ ಓದಿ, ತಿರುಗಿಸಿ ಹಿಂಬದಿಯನ್ನೂ ನೋಡಿ ಕೇಳಿದರು.

"ಎಲ್ಲಾ ಚಲೋ ಅದರಿ. ಖಂಡದ ಸಾರಿಂದು ಎಲ್ಲೂ ಇಲ್ಲಲ್ಲ? ಡ್ಯೂಟಿ ಮುಗಿಸಿ ಹೋಗಿ ಒಲಿ ಮುಂದ ಅಷ್ಟೊತ್ತು ಕುಂದ್ರಾಕ ನನಗ ಆಗೂದಿಲ್ಲ. ನಮ್ಮಂಥೋರಿಗೆ ಖರೇ ಬೇಕಾಗಿದ್ದು ಅದ."

ನಮ್ಮದು ಲಿಂಗ ಕಟ್ಟಿದ ಮನೆ. ಖಂಡ, ಮಾಂಸ ಎಂಬ ಮಾತೇ ಹೊಸ್ತಿಲೊಳಗೆ ಬರುತ್ತಿರಲಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಅವರು ಸಂಗೊಳ್ಳಿಯವಳಿಗೆ ಹೇಳಿದ್ದನ್ನೇ ಹೇಳಿದರು.

"ನನಗ ಗೊತ್ತಿಲ್ರಿ ಬಾಯಾರ. ನಾವು ಮಾಡಿದೋರಲ್ಲ. ನೀವ ಮಾಡಿ ನೋಡಿ ಹೇಳ್ರಿ. ಒಂದು ಕುಕ್ಕರ್ ಒಯ್ರಿ."

ಅವರು ಹೋದ ಮೇಲೆ ಮಾವನವರು ಅತ್ತೆಯನ್ನು ಒಳಗೆ ಕರೆದರು. "ನಿನಗೇನ ತಿಳೀತೈತೋ ಇಲ್ಲೋ? ಅವರ ಮನ್ಯಾಗ ಖಂಡ ಬೇಸಿದ್ದು ತಿರುಗಿ ಬಂದ್ರ ಯಾರು ತಗೋತಾರ?"

"ತಿರುಗಿ ಯಾಕ ಬರಬೇಕು? ಮಾಡೂದು ಹೇಳಿ ಕೊಡತಾರಲ್ಲ, ಅದಕ್ಕ ಆ ಕುಕ್ಕರ್ ಅವರಿಗ ಆತು."

"ಊರ ಮಂದಿ ಏನಂತಾರ? ನಮ್ಮ ಅಂಗಡಿ ಚೀಟ್ಯಾಗ ಖಂಡದ ಸಾರು?"

ಅತ್ತೆಗೂ ಆ ಮಾತು ಹಗುರವಾಗಿರಲಿಲ್ಲ. ಖಂಡದ ವಾಸನೆ ಬಂದರೆ ಸೆರಗು ಮೂಗಿಗೆ ಹಿಡಿಯುವವರು ಅವರು. "ನನಗೂ ಆಗಿ ಬರೂದಿಲ್ರಿ," ಎಂದರು ಮೆಲ್ಲಗೆ. "ಆದ್ರ ಭಾಂಡೆ ಎಲ್ಲಾರಿಗೂ ಮಾರತೇವಿ. ಕೊಡ, ತಾಟು ಕೊಡೂವಾಗ ಏನ ಅಡಗಿ ಮಾಡತಿ ಅಂತ ಕೇಳತೇವೇನು? ಚೀಟಿ ಅಷ್ಟ ನಮ್ಮಂಥೋರಿಗೆ ಅಂದ್ರ ಹೆಂಗ?"

ಮಾವನವರು ಎರಡು ದಿನ ಅತ್ತೆಯೊಡನೆ ಮಾತಾಡಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಬರೆದುಕೊಳ್ಳಲು ಅತ್ತೆ ನನ್ನನ್ನೇ ಕಳಿಸಿದರು. ನರ್ಸಬಾಯಿಯ ಮನೆ ಆಸ್ಪತ್ರೆಯ ಹಿಂದೆ. ಎರಡು ಕೋಣೆ, ಬಾಗಿಲಲ್ಲಿ ಮಲ್ಲಿಗೆ ಬಳ್ಳಿ. ಜೀವನದಲ್ಲಿ ಮೊದಲ ಸಲ ಖಂಡ ಬೇಯುವ ಮನೆಯೊಳಗೆ ಕಾಲಿಟ್ಟಿದ್ದೆ. ನನ್ನ ಹಿಂಜರಿಕೆ ಅವರಿಗೆ ಕಂಡಿರಬೇಕು, ಕುರ್ಚಿಯನ್ನು ಕಿಟಕಿಯ ಬಳಿ ಹಾಕಿಕೊಟ್ಟರು. ಅಡುಗೆ ಮಾಡುತ್ತಲೇ ಒಂದೊಂದಾಗಿ ಹೇಳಿದರು: ಎಳೆಯದಾದರೆ ಇಷ್ಟು ಸೀಟಿ, ಬಲಿತದ್ದಾದರೆ ಇಷ್ಟು, ಮಸಾಲೆ ಯಾವಾಗ. ಬಾಣಂತಿಯರಿಗೆ ಮೆತ್ತಗಿನ ಬೇಳೆ, ತರಕಾರಿ ಬೇಯಿಸುವ ಬಗೆಯನ್ನೂ ತಾವಾಗಿಯೇ ಸೇರಿಸಿದರು.

"ಬಾಣಂತ್ಯಾರ ಮನ್ಯಾಗ ದಿನಾ ಹೇಳತೇನಿ, ಅವರು ಮರೀತಾರ. ನಿಮ್ಮ ಚೀಟ್ಯಾಗ ಇದ್ರ ಗೋಡಿಗೆ ಹಚ್ಚತಾರ" ಎಂದರು.

ಕೊನೆಗೆ ಬೇರೆ ಬೋಗುಣಿಯಲ್ಲಿ ಚಹಾ ಕಾಸಿ, ಕೊಡಲೋ ಬೇಡವೋ ಎಂಬಂತೆ ಬಾಗಿಲಲ್ಲಿ ನಿಂತರು. ನಾನು ಎದ್ದು ಹೋಗಿ ಕಪ್ಪು ತೆಗೆದುಕೊಂಡೆ. ಮನೆಗೆ ಬಂದಾಗ ಅತ್ತೆ ಮೊದಲು ಕೇಳಿದ್ದು ಸಾರಿನ ಬಗ್ಗೆಯಲ್ಲ.

"ಚಾ ಕೊಟ್ರೇನು?"

"ಕೊಟ್ರು."

"ಕುಡದಿಯಲ್ಲ?"

"ಕುಡದೆ. ಶುಂಠಿ ಹಾಕಿದ್ರು."

"ಚಲೋ ಆತು," ಎಂದು ಕೆಲಸಕ್ಕೆ ತಿರುಗಿದರು.

ಹೊಸ ಚೀಟಿಯ ಹಿಂಬದಿಯಲ್ಲಿ ನರ್ಸಬಾಯಿಯ ಭಾಗ ಅಚ್ಚಾಯಿತು. ಪರಿಚಯದ ಒಬ್ಬರು ಚೀಟಿಯನ್ನು ಮಾವನವರ ಮುಂದೆಯೇ ಹರಿದು ಹಾಕಿ ಹೋದದ್ದುಂಟು. ಆದರೆ ಆ ಮೊದಲು ನಮ್ಮ ಅಂಗಡಿಯ ಮೆಟ್ಟಿಲು ಹತ್ತದ ಓಣಿಗಳಿಂದ ಜನ ಬರತೊಡಗಿದರು. ಬಾಣಂತಿಯರ ತಾಯಂದಿರು ಬಂದರು. ಮೇಲಿನ ಹಲಗೆ ಖಾಲಿಯಾಯಿತು, ಮಾವನವರು ಬೆಳಗಾವಿಗೆ ಹೋಗಿ ಮತ್ತೆ ತಂದರು, ಅವೂ ಹೋದವು. ನರ್ಸಬಾಯಿ ರಜೆ ಸಿಕ್ಕಾಗ ಸಂತೆಯ ದಿನ ಕಟ್ಟೆಗೆ ಬಂದು ಅತ್ತೆಯ ಪಕ್ಕದಲ್ಲೇ ಕೂರುತ್ತಿದ್ದರು. ಕುಕ್ಕರಿನ ಮಾತು ಮುಗಿದು, ಮಕ್ಕಳ ಕೆಮ್ಮು, ಸೊಸೆಯರ ರಕ್ತಹೀನತೆಯವರೆಗೆ ಮಾತು ಹೋಗುತ್ತಿತ್ತು. ಅತ್ತೆ ಯಾರನ್ನೂ ಎಬ್ಬಿಸುತ್ತಿರಲಿಲ್ಲ.

ಅದಾದ ಮೇಲೆ ಒಂದು ಪಂಚಮಿಗೆ ನಾನು ತವರಿಗೆ ಹೋದೆ. ರಾಮದುರ್ಗದಲ್ಲಿ ಎದುರು ಮನೆಯ ಕಾಕು ನನ್ನನ್ನು ಚಿಕ್ಕಂದಿನಿಂದ ಕಂಡವಳು. ಕೈಹಿಡಿದು ಒಳಗೆ ಕರೆದೊಯ್ದಳು.

"ಕುಂದ್ರ. ನಿಮ್ಮ ಬೈಲಹೊಂಗಲದಾಗ ಇದ್ದೀತೋ ಇಲ್ಲೋ, ನಿನಗೊಂದು ಹೊಸಾದು ತೋರಸತೇನಿ."

ಕಪಾಟಿನ ಬಾಗಿಲಿಗೆ ನಮ್ಮ ಚೀಟಿ ಅಂಟಿಸಿತ್ತು. ಎಣ್ಣೆ ಜಿಡ್ಡಿಗೆ ಹಳದಿಯಾಗಿತ್ತು. ಹೂರಣದ ಸಾಲಿನ ಪಕ್ಕ ಯಾರೋ ಪೆನ್ಸಿಲಿನಲ್ಲಿ "ಬೆಲ್ಲ ಆಮೇಲೆ" ಎಂದು ಬರೆದಿದ್ದರು. ಸವದತ್ತಿಯ ಬೀಗರು ಕೊಟ್ಟದ್ದಂತೆ. ಅದನ್ನು ನೋಡುತ್ತ ಕಾಕು ನನಗೆ ಕುಕ್ಕರ್ ಹಚ್ಚುವುದನ್ನು ಮೊದಲಿನಿಂದ ಕೊನೆಯವರೆಗೆ ಕಲಿಸಿದಳು. ನಾನು ಕಲಿತೆ. ಬೇಳೆ ಇಳಿಸಿದ ಮೇಲೆ, "ಕಾಕು, ಈ ಚೀಟಿ ನಾ ಬರದಿದ್ದು" ಎಂದೆ.

ಅವಳು ಚೀಟಿ ನೋಡಿದಳು, ನನ್ನನ್ನು ನೋಡಿದಳು. "ಹೋಗ. ನಿನ್ನ ಅಕ್ಷರ ಇಷ್ಟು ಚಂದ ಎಂದ ಇದ್ದೂವು?"

ಕುಕ್ಕರನ್ನು ಆಕೆ ರಾಮದುರ್ಗದ ಪೇಟೆಯಲ್ಲೇ ಕೊಂಡಿದ್ದಳು. ಊರಿಗೆ ಮರಳಿ ಇದನ್ನು ಹೇಳಿದಾಗ ಗಂಡ ತಲೆಯ ಮೇಲೆ ಕೈಯಿಟ್ಟುಕೊಂಡರು. "ಅಂದ್ರ ಚೀಟಿ ನಮ್ದು, ಗಿರಾಕಿ ಅವರದು!" ಎಂದರು. ಅತ್ತೆ ಹೊಟ್ಟೆ ಹಿಡಿದು ನಕ್ಕರು. "ಬೆಲ್ಲ ಆಮೇಲೆ ಅಂತ ಬರದಾರಂತಲ್ಲ, ಖರೇ ಐತಿ, ನಾವು ಮರತಿದ್ವಿ. ಈ ಸಲ ಅದನ್ನೂ ಹಾಕ್ರಿ."

ಕಾಕು ನಮ್ಮ ಅಂಗಡಿಗೆ ಎಂದೂ ಬರಲಿಲ್ಲ. ಆದರೆ ಸವದತ್ತಿಯ ಕಡೆಯವರು ಚೀಟಿ ಹಿಡಿದು ಬರುತ್ತಿದ್ದರು, ಎಲ್ಲೆಲ್ಲೋ ಕೊಂಡ ಕುಕ್ಕರುಗಳನ್ನು ಚೀಲದಲ್ಲಿ ಹೊತ್ತು ತಂದು ಸಂಶಯ ಕೇಳುತ್ತಿದ್ದರು. ರಬ್ಬರಿನ ಉಂಗುರ ಸವೆದರೆ ಅದೂ ನಮ್ಮಲ್ಲೇ ಬೇಕು, ಮಗಳ ಮದುವೆಗೆ ಭಾಂಡೆಯೂ ನಮ್ಮಲ್ಲೇ. ಒಂದು ಮಧ್ಯಾಹ್ನ ನಾನು ಅಂಗಡಿಗೆ ಹೋದಾಗ ಮಾವನವರು ಹೂಲಿಯಿಂದ ಬಂದ ಹೊಸ ದಂಪತಿಗಳನ್ನು ಎದುರು ಕೂರಿಸಿಕೊಂಡು, ನೊರೆ ಉಕ್ಕಿ ಸ್ಟೋವು ಆರಿದ ಕಥೆಯನ್ನು ತಾವೇ ಬೇಳೆ ಬೇಯಿಸಿ ನೋಡಿದವರಂತೆ ಹೇಳುತ್ತಿದ್ದರು. ಆ ಹುಡುಗಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ಆ ದಿನ ಮಾವನವರು ಊಟಕ್ಕೆ ತಡವಾಗಿ ಬಂದರು, ಹಸಿದಿದ್ದರು. ಅತ್ತೆ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ರೊಟ್ಟಿಗೆ ಯಾವ ಕುಕ್ಕರೂ ಕೆಲಸಕ್ಕೆ ಬರುವುದಿಲ್ಲ. ಒಂದೊಂದೇ ಉಬ್ಬಿ ಏಳುವವರೆಗೆ ನಾವೆಲ್ಲ ತಾಟು ಹಿಡಿದು ಕಾಯುತ್ತಾ ಕೂತೆವು.