ನೀರು ಕುಡದ ನೂಲಿನ ಹಗ್ಗ

ದೋಸ್ತರೇ, ಈಗಷ್ಟ ಹೊಳಿಯಿಂದ ಬಂದು ಬರ್ಯಾಕ ಹತ್ತೇನಿ, ಅಕ್ಷರ ತಪ್ಪಿದ್ರ ಸಂಭಾಳಿಸ್ಕೋರಿ.

ಇವತ್ತ ಮುಂಜಾನೆ ಸಾಂಗಲಿಯ ಕೃಷ್ಣಾ ಹೊಳ್ಯಾಗ, ಕಾಕಾನ ಸಣ್ಣ ಹಾಯಿದೋಣಿಯೊಳಗ ಕಾಕಾ, ನಾನು ಇಬ್ಬರ ಇದ್ವಿ. ಹಾಯಿ ಎಳದು ಬಿಡೂ ಹಗ್ಗ ಹೊಸಾದು. ಮಿರಜದ ಅಂಗಡ್ಯಾಗ ನಾ ಪಾಲಿಯೆಸ್ಟರ್ ಹಗ್ಗ ತೋರ್ಸಿದ್ದೆ. "ಅದು ಅಂಗೈ ಕೊಯ್ತೈತಿ, ನೂಲಿಂದು ಮೆತ್ತಗೈತಿ" ಅಂತ ಕಾಕಾ ದಪ್ಪನ್ನ ನೂಲಿನ ಹಗ್ಗಾನ ತಂದ್ರು.

ನಡು ಹೊಳ್ಯಾಗ ಒಮ್ಮೆಲೆ ಜೋರ ಗಾಳಿ ಬೀಸ್ತು. ದೋಣಿ ವಾಲಿ ನೀರು ಒಳಗ ಬರಾಕ ಹತ್ತಿತು.

"ಹಗ್ಗ ಸಡ್ಲ ಬಿಡ್ರಿ ಕಾಕಾ."

"ಬಿಟ್ಟೇನಿ. ಅದ ಸರೀವಲ್ದು."

ನೀರು ಕುಡದ ನೂಲು ಉಬ್ಬಿ, ಹಗ್ಗ ಹಾದು ಹೋಗೂ ರಾಟ್ಯಾಗ ಸಿಕ್ಕೊಂಡಿತ್ತು. ಅದು ಸರೀಲಿಲ್ಲಂದ್ರ ಹಾಯಿ ಗಾಳಿ ಬಿಡೂದಿಲ್ಲ, ದೋಣಿ ಮಗಚತೈತಿ. ಕಾಕಾಗ ಈಜು ಬರ್ತೈತಿ, ಆದ್ರ ಹೋದ ವರ್ಷ ಎದಿ ಆಪರೇಷನ್ ಆಗೇತಿ. ಮುಂದ ಸೇತುವೆಯ ಕಂಬ ಹತ್ರ ಬರ್ತಿತ್ತು.

ಪೇರಲಹಣ್ಣು ಕೊಯ್ಯಾಕ ತಂದಿದ್ದ ಚಾಕು ಚೀಲದಿಂದ ತಗದೆ.

"ಹೊಸಾ ಹಗ್ಗ ಐತಿ, ತಡಿ ನೀ," ಅಂದ್ರು ಕಾಕಾ.

ನಾ ತಡೀಲಿಲ್ಲ. ಹಗ್ಗ ಕೊಯ್ದ ಕೂಡ್ಲೆ ಹಾಯಿ ಪಟಪಟ ಬಡ್ಕೊಂಡು ಗಾಳಿ ಬಿಟ್ತು, ದೋಣಿ ನೆಟ್ಟಗಾತು. ಕಂಬ ನಮ್ಮ ಬಾಜೂಕ, ಕೈಗೆ ಸಿಗೂವಷ್ಟ ಹತ್ರ ದಾಟಿ ಹೋತು. ಹುಟ್ಟು ಹಾಕ್ಕೋತ ದಂಡಿಗೆ ಬಂದ್ವಿ.

ಘಾಟಿನ ಮ್ಯಾಲ ಕುಂತಿದ್ದ ಕಾಕಿ ನಮ್ಮ ಒದ್ದಿ ಅರಿವಿ ನೋಡಿ, "ಕಾಯ ಝಾಲಂ, ಏನಾತು?" ಅಂದ್ರು.

ಕಾಕಾ ಸಾವಕಾಶ ದೋಣಿ ಕಟ್ಟಿ, ಹಾಯಿ ಮಡಚಿಟ್ಟು ಹೇಳಿದ್ರು: "ಗಾಳಿ ಭಾಳ ಚಲೋ ಇತ್ತು."

ನಾ ಕೊಯ್ದ ಹಗ್ಗಾನ ಕಾಕಿಗೆ ಕಾಣದಂಗ ಚೀಲದಾಗ ತುರಕಿದೆ. ಮನಿ ಶಾಂತಿ ಮುಖ್ಯ. ಮುಂದಿನ ಹಗ್ಗ ಯಾರು ಆರಸ್ತಾರ ಅನ್ನೂದು ಮಾತ್ರ ನಿಕ್ಕಿ ಆಗೇತಿ.